ಮಾಡಿ ನೋಡಿ ಬರೆದವರು: ಅಲ್ ಜಝರಿ

ದ್ವಿತೀಯ ಪಿಯುಸಿ ಮುಗಿಸಿ ಸಿಇಟಿ ಬರೆದವರು ಎಂಜಿನಿಯರಿಂಗ್ ಬ್ರಾಂಚುಗಳ ಪಟ್ಟಿಯನ್ನು ನೋಡುವಾಗ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಇವೆಲ್ಲದರ ಕೆಳಗೆ ಎಲ್ಲೋ ಒಂದು ಕಡೆ ಮೆಕಾಟ್ರಾನಿಕ್ಸ್ ಎಂಬ ಹೆಸರು ಕಾಣುತ್ತದೆ. ಇದೇನು ಸರ್, ಸೇರಿದರೆ ಕೆಲಸ ಸಿಗುತ್ತದೆಯೇ ಎಂದು ಪ್ರತಿ ವರ್ಷ ಒಬ್ಬಿಬ್ಬರಾದರೂ ಸ್ಟಾಫ್ ರೂಮಿಗೆ ಬಂದು ಕೇಳುತ್ತಾರೆ. ಹೆಸರು ಹೊಸದು. ಜಪಾನಿನ ಯಾಸ್ಕಾವಾ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ತೆತ್ಸುರೊ ಮೋರಿ 1969ರಲ್ಲಿ ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಎರಡನ್ನೂ ಜೋಡಿಸಿ ಈ ಪದ ಮಾಡಿದರು. ಈ ವಿಷಯದ ಆರಂಭದ ಪಾಠ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಯಂತ್ರವೊಂದು ತನ್ನ ಸ್ಥಿತಿಯನ್ನು ತಾನೇ ಅರಿಯಬೇಕು, ಅರಿತದ್ದರ ಮೇಲೆ ತೀರ್ಮಾನಿಸಬೇಕು, ತೀರ್ಮಾನದಂತೆ ಚಲಿಸಬೇಕು. ಅರಿಯುವುದು ಸೆನ್ಸರ್, ತೀರ್ಮಾನಿಸುವುದು ಕಂಟ್ರೋಲರ್, ಚಲಿಸುವುದು ಆಕ್ಚುಯೇಟರ್. ಮನೆಯ ವಾಷಿಂಗ್ ಮೆಷಿನ್ ನೀರು ಎಷ್ಟು ತುಂಬಿತೆಂದು ನೋಡಿ ತಾನೇ ನಲ್ಲಿ ಮುಚ್ಚಿ, ತಾನೇ ತಿರುಗಲು ಶುರು ಮಾಡುವುದು ಹೀಗೆ.

ಪದ ಹೊಸದಾದರೂ ಈ ಮೂರು ಕೆಲಸಗಳನ್ನು ಒಂದೇ ಯಂತ್ರದೊಳಗೆ ಕೂಡಿಸುವ ಯೋಚನೆ ಬಹಳ ಹಳೆಯದು. ಅದನ್ನು ಮಾಡಿ, ಓಡಿಸಿ, ಅಳತೆ ಸಮೇತ ಬರೆದಿಟ್ಟವರಲ್ಲಿ ದೊಡ್ಡ ಹೆಸರು ಅಲ್ ಜಝರಿ ಅವರದು. ಅವರ ಕಾಲದಲ್ಲಿ ವಿದ್ಯುತ್ ಇರಲಿಲ್ಲ. ಇದ್ದದ್ದು ನೀರು, ಹಗ್ಗ, ತಾಮ್ರ, ಮರ, ಲೋಹದ ಗುಂಡು.

ಪೂರ್ತಿ ಹೆಸರು ಬದೀಉಝ್ಝಮಾನ್ ಅಬುಲ್ ಇಝ್ ಇಸ್ಮಾಯಿಲ್ ಇಬ್ನ್ ಅರ್ರಝ್ಝಾಝ್ ಅಲ್ ಜಝರಿ. ಬದೀಉಝ್ಝಮಾನ್ ಎಂದರೆ ಕಾಲದ ಅದ್ಭುತ, ಅದು ಬಿರುದು. ರಝ್ಝಾಝ್ ಎಂದರೆ ಅಕ್ಕಿ ವ್ಯಾಪಾರಿ, ಅದು ಮನೆತನದ ಗುರುತು. ಜಝರಿ ಎಂದರೆ ಜಝೀರಾದವರು. ದಜಲಾ ಮತ್ತು ಫುರಾತ್ ನದಿಗಳ ನಡುವಿನ ಮೇಲ್ಭಾಗದ ನಾಡಿಗೆ ಅರಬರು ಜಝೀರಾ, ಅಂದರೆ ದ್ವೀಪ, ಎನ್ನುತ್ತಿದ್ದರು. ಭೂಗೋಳದ ಪುಸ್ತಕದಲ್ಲಿ ಟೈಗ್ರಿಸ್, ಯೂಫ್ರೆಟಿಸ್ ಎಂದಿರುವುದು ಇವೇ ನದಿಗಳು. ಎರಡು ದೊಡ್ಡ ನದಿಗಳ ನಡುವೆ ಬೆಳೆದ ಮನುಷ್ಯ ಜೀವನವಿಡೀ ನೀರಿನ ಜೊತೆಗೇ ಕೆಲಸ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಅವರ ಬದುಕಿನ ಬಗ್ಗೆ ಚರಿತ್ರೆಗೆ ತಿಳಿದಿರುವುದೆಲ್ಲ ಅವರದೇ ಗ್ರಂಥದ ಮುನ್ನುಡಿಯಿಂದ ಬಂದದ್ದು. ಆಸ್ಥಾನದ ಚರಿತ್ರೆಕಾರರು ಯುದ್ಧಗಳನ್ನು ಬರೆದರು, ಸುಲ್ತಾನರ ವಂಶಾವಳಿ ಬರೆದರು. ಅರಮನೆಯ ಎಂಜಿನಿಯರನ ಮದುವೆ ಮಕ್ಕಳ ವಿಷಯ ಬರೆಯಲಿಲ್ಲ. ಮುನ್ನುಡಿ ಹೇಳುವಂತೆ ಅವರು ಹಿಜರಿ 570ರಲ್ಲಿ, ಅಂದರೆ ಕ್ರಿ.ಶ. 1174–75ರಲ್ಲಿ, ಅರ್ತುಕಿದ್ ಎಂಬ ತುರ್ಕಿ ಮನೆತನದ ಸೇವೆಗೆ ಸೇರಿದರು. ಮೊದಲು ನೂರುದ್ದೀನ್ ಮುಹಮ್ಮದ್, ನಂತರ ಅವರ ಮಗ ಕುತ್ಬುದ್ದೀನ್ ಸುಕ್ಮಾನ್, ನಂತರ ಇನ್ನೊಬ್ಬ ಮಗ ನಾಸಿರುದ್ದೀನ್ ಮಹ್ಮೂದ್. ಒಂದೇ ಮನೆತನದ ಮೂವರ ಕೈಕೆಳಗೆ ಇಪ್ಪತ್ತೈದು ವರ್ಷ ಕಳೆಯಿತು.

ಅದು ಶಾಂತಿಯ ಕಾಲವೇನಲ್ಲ. ಒಂದು ಕಡೆ ಸಲಾಹುದ್ದೀನ್ ಅಯ್ಯೂಬಿ ಈಜಿಪ್ಟ್ ಮತ್ತು ಸಿರಿಯಾವನ್ನು ಒಗ್ಗೂಡಿಸುತ್ತಿದ್ದರು, ಇನ್ನೊಂದು ಕಡೆ ಶಿಲುಬೆಯ ಯುದ್ಧಗಳು ನಡೆಯುತ್ತಿದ್ದವು. ಅರ್ತುಕಿದರದು ಚಿಕ್ಕ ರಾಜ್ಯ. ದೊಡ್ಡವರ ನೆರಳಿನಲ್ಲಿ ಬದುಕಬೇಕಾದ ರಾಜ್ಯ. 1183ರಲ್ಲಿ ಸಲಾಹುದ್ದೀನ್ ಆಮಿದ್ ನಗರವನ್ನು ಗೆದ್ದು ಅದನ್ನು ನೂರುದ್ದೀನರಿಗೆ ಕೊಟ್ಟರು. ಇಂದಿನ ತುರ್ಕಿಯ ದಿಯಾರ್‌ಬಕಿರ್ ನಗರವೇ ಆಮಿದ್. ಕಪ್ಪು ಬಸಾಲ್ಟ್ ಕಲ್ಲಿನ ಅದರ ಕೋಟೆಗೋಡೆ ದಜಲಾ ನದಿಯ ಮೇಲೆ ಈಗಲೂ ನಿಂತಿದೆ. ಅದಕ್ಕೂ ಮೊದಲು ಅರ್ತುಕಿದರ ರಾಜಧಾನಿಯಾಗಿದ್ದ ಹಿಸ್ನ್ ಕೈಫಾ, ಇಂದಿನ ಹಸನ್‌ಕೈಫ್, ಮಾತ್ರ 2020ರಲ್ಲಿ ಇಲಿಸು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಯಿತು. ನೀರನ್ನು ಪಳಗಿಸಿದವರ ಊರೇ ನೀರಿನ ಪಾಲಾಯಿತು.

ಜಝರಿ ಅವರ ಹುದ್ದೆ ಅರಮನೆಯ ಕೆಲಸಗಳ ಮುಖ್ಯಸ್ಥನದು. ಹಿತ್ತಾಳೆ ಎರಕದಿಂದ ಹಿಡಿದು ಕಾರಂಜಿಯವರೆಗೆ ಎಲ್ಲವೂ ಅವರ ತಲೆಯ ಮೇಲೆ. ಒಂದು ದಿನ ನಾಸಿರುದ್ದೀನ್ ಮಹ್ಮೂದ್ ಅವರ ಎದುರು ತಾವು ಮಾಡಿದ ಒಂದು ಸಾಧನವನ್ನು ತೋರಿಸಿದರು. ಅರಸರು ಅದನ್ನು ನೋಡಿ, ಜಝರಿಯವರ ಮುಖ ನೋಡಿ, ಇಷ್ಟು ವರ್ಷ ಮಾಡಿದ ಶ್ರಮ ವ್ಯರ್ಥವಾಗಿ ಹೋಗಬಾರದು, ಮಾಡಿದ್ದನ್ನೆಲ್ಲ ಚಿತ್ರ ಸಮೇತ ಒಂದು ಪುಸ್ತಕವಾಗಿ ಬರೆ ಎಂದು ಆಜ್ಞಾಪಿಸಿದರು. ಕೈಕೆಲಸದವರಿಗೆ ಬರವಣಿಗೆ ಯಾವಾಗಲೂ ಕಷ್ಟವೇ. ಆದರೆ ಅರಸರ ಮಾತನ್ನು ಮೀರುವಂತಿರಲಿಲ್ಲ. ಹೀಗೆ ಹುಟ್ಟಿದ ಗ್ರಂಥ 1206ರಲ್ಲಿ ಮುಗಿಯಿತು. ಅದರ ಒಂದು ಹೆಸರಿನ ಅರ್ಥ ಇದು: ಯಂತ್ರಗಳ ಕಲೆಯಲ್ಲಿ ಜ್ಞಾನವನ್ನೂ ಉಪಯುಕ್ತ ಕೆಲಸವನ್ನೂ ಒಂದುಗೂಡಿಸುವುದು. ಅರಬಿಯಲ್ಲಿ ಇಲ್ಮ್ ಮತ್ತು ಅಮಲ್. ನಮ್ಮ ಟೈಮ್ ಟೇಬಲ್‌ನಲ್ಲಿ ಥಿಯರಿ ಬೇರೆ, ಪ್ರಾಕ್ಟಿಕಲ್ ಬೇರೆ. ಅವರ ಪುಸ್ತಕದ ಹೆಸರಿನಲ್ಲೇ ಎರಡೂ ಒಟ್ಟಿಗಿವೆ.

ಪುಸ್ತಕದಲ್ಲಿ ಆರು ಭಾಗ, ಒಟ್ಟು 50 ಸಾಧನಗಳು. ಗಡಿಯಾರಗಳು, ಔತಣಕೂಟದ ಪಾತ್ರೆಗಳು, ವುಝೂ ಮಾಡುವ ಹೂಜಿ ಬೋಗುಣಿಗಳು ಮತ್ತು ರಕ್ತ ತೆಗೆಯುವಾಗ ಅದನ್ನು ಅಳೆಯುವ ಪಾತ್ರೆಗಳು, ಕಾರಂಜಿಗಳು, ನೀರೆತ್ತುವ ಯಂತ್ರಗಳು, ಕೊನೆಗೆ ಬಾಗಿಲು, ಬೀಗ ಮುಂತಾದ ಚಿಲ್ಲರೆ ವಸ್ತುಗಳು. ಮುನ್ನುಡಿಯಲ್ಲೇ ಅವರು ಒಂದು ನಿಲುವು ಹೇಳಿಬಿಡುತ್ತಾರೆ. ಹಿಂದಿನವರ ಪುಸ್ತಕಗಳನ್ನು ಓದಿದ್ದಾರೆ, ಗೌರವವೂ ಇದೆ. ಆದರೆ ಮಾಡಿ ನೋಡದ ವಿದ್ಯೆ ನಿಜಕ್ಕೂ ಸುಳ್ಳಿಗೂ ನಡುವೆ ತೂಗಾಡುತ್ತಿರುತ್ತದೆ ಎಂಬುದು ಅವರ ಅಭಿಪ್ರಾಯ. ಈ ನಿಲುವನ್ನು ಅವರು ಎಷ್ಟು ಗಂಭೀರವಾಗಿ ಪಾಲಿಸಿದರೆಂದು ತಿಳಿಯಲು ಮೊದಲ ಅಧ್ಯಾಯದ ಕೋಟೆ ಗಡಿಯಾರವೊಂದನ್ನು ನೋಡಿದರೂ ಸಾಕು.

ಕೋಟೆ ಗಡಿಯಾರ ಸುಮಾರು 3.4 ಮೀಟರ್ ಎತ್ತರದ್ದು. ಮುಂಭಾಗದಲ್ಲಿ ರಾಶಿಚಕ್ರ, ಸೂರ್ಯ, ಚಂದ್ರ. ಕೆಳಗೆ ಸಾಲಾಗಿ ಪುಟ್ಟ ಬಾಗಿಲುಗಳು. ಗಂಟೆ ಆದ ಹಾಗೆ ಒಂದೊಂದೇ ಬಾಗಿಲು ತೆರೆದುಕೊಂಡು ಬೊಂಬೆ ಹೊರಬರುತ್ತದೆ, ಎರಡು ಗಿಡುಗಗಳು ಕೊಕ್ಕಿನಿಂದ ಗುಂಡು ಬೀಳಿಸಿ ತಾಳ ಬಾರಿಸುತ್ತವೆ. ಆರನೆಯ, ಒಂಬತ್ತನೆಯ, ಹನ್ನೆರಡನೆಯ ಗಂಟೆಗೆ ವಾದ್ಯಗಾರರ ಬೊಂಬೆಗಳು ನುಡಿಸುತ್ತವೆ. ನೋಡುವವರಿಗೆ ಇದಿಷ್ಟೇ ಗಡಿಯಾರ. ಕಷ್ಟವೆಲ್ಲ ಗೋಡೆಯ ಹಿಂದೆ.

ಹಿಂದೆ ಇರುವುದು ಒಂದು ನೀರಿನ ತೊಟ್ಟಿ, ಅದರಲ್ಲಿ ಭಾರವಾದ ಒಂದು ತೇಲುಗುಂಡು. ನೀರು ಇಳಿದ ಹಾಗೆ ಗುಂಡು ಇಳಿಯುತ್ತದೆ, ಅದಕ್ಕೆ ಕಟ್ಟಿದ ಹಗ್ಗ ಎಲ್ಲವನ್ನೂ ಎಳೆಯುತ್ತದೆ. ನೀರು ಒಂದೇ ಸಮನೆ ಇಳಿದರೆ ಮಾತ್ರ ಗಡಿಯಾರ ಸರಿ. ಆದರೆ ನೀರು ಒಂದೇ ಸಮನೆ ಇಳಿಯುವುದಿಲ್ಲ. ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಟೊರಿಸೆಲ್ಲಿಯ ನಿಯಮ ಓದಿದ್ದೀರಿ: ರಂಧ್ರದಿಂದ ಹೊರಬರುವ ನೀರಿನ ವೇಗ ಅದರ ಮೇಲಿರುವ ನೀರಿನ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ತೊಟ್ಟಿ ನಾಲ್ಕನೇ ಒಂದು ಭಾಗಕ್ಕೆ ಇಳಿದಾಗ ವೇಗ ಅರ್ಧಕ್ಕೆ ಬಂದಿರುತ್ತದೆ. ಬೆಳಿಗ್ಗೆ ಓಡುವ ಗಡಿಯಾರ ಸಂಜೆಗೆ ತೆವಳುತ್ತದೆ.

ಇದಕ್ಕೆ ಪರಿಹಾರ ಒಂದು ಪುಟ್ಟ ಕೋಣೆ. ದೊಡ್ಡ ತೊಟ್ಟಿಯ ನೀರು ನೇರವಾಗಿ ಹೊರಗೆ ಹೋಗದೆ ಮೊದಲು ಈ ಕೋಣೆಗೆ ಬೀಳುತ್ತದೆ. ಕೋಣೆಯೊಳಗೆ ಇನ್ನೊಂದು ತೇಲುಗುಂಡು, ಅದರ ನೆತ್ತಿಯಲ್ಲಿ ಶಂಕುವಿನಾಕಾರದ ಬಿರಡೆ. ಕೋಣೆಯ ನೀರು ಏರಿದರೆ ಗುಂಡು ಏರಿ ಬಿರಡೆ ಒಳಬಾಯಿಯನ್ನು ಮುಚ್ಚುತ್ತದೆ. ನೀರು ಇಳಿದರೆ ಗುಂಡು ಇಳಿದು ಬಾಯಿ ತೆರೆಯುತ್ತದೆ. ಹೀಗಾಗಿ ಕೋಣೆಯ ಮಟ್ಟ ಬದಲಾಗುವುದೇ ಇಲ್ಲ, ಅದರ ಕೆಳಗಿನ ರಂಧ್ರದಿಂದ ಹರಿವು ಸದಾ ಒಂದೇ. ನಿಮ್ಮ ಮನೆಯ ತಾರಸಿಯ ಟ್ಯಾಂಕಿನಲ್ಲಿ ಪ್ಲಾಸ್ಟಿಕ್ ಚೆಂಡು ತೇಲುತ್ತ ನಲ್ಲಿ ಮುಚ್ಚುತ್ತದಲ್ಲ, ಕೆಲಸ ಅದೇ. ಮೆಕಾಟ್ರಾನಿಕ್ಸ್ ತರಗತಿಯಲ್ಲಿ ಇದನ್ನು ಕ್ಲೋಸ್ಡ್ ಲೂಪ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಬೋರ್ಡಿನ ಮೇಲೆ ಚೌಕಗಳನ್ನೂ ಬಾಣಗಳನ್ನೂ ಬರೆದು ಹೇಳಿದರೆ ಅರ್ಥವಾಗದ ವಿದ್ಯಾರ್ಥಿಗೂ ಆ ಚೆಂಡನ್ನು ತೋರಿಸಿದರೆ ಅರ್ಥವಾಗುತ್ತದೆ. ಇಲ್ಲಿ ಸೆನ್ಸರ್, ಕಂಟ್ರೋಲರ್, ಆಕ್ಚುಯೇಟರ್ ಮೂರೂ ಒಂದೇ ಗುಂಡು.

ಈ ಕೋಣೆಯನ್ನು ತಾವು ಕಂಡುಹಿಡಿದದ್ದೆಂದು ಜಝರಿ ಹೇಳಿಕೊಳ್ಳುವುದಿಲ್ಲ. ಆರ್ಕಿಮಿಡೀಸ್ ಹೆಸರಿನಲ್ಲಿ ಅರಬಿಯಲ್ಲಿ ಪ್ರಚಾರದಲ್ಲಿದ್ದ ಗಡಿಯಾರದ ಗ್ರಂಥವನ್ನು ಅನುಸರಿಸಿದೆನೆಂದು ಸ್ಪಷ್ಟವಾಗಿ ಬರೆಯುತ್ತಾರೆ. ಒಂಬತ್ತನೆಯ ಶತಮಾನದ ಬಾಗ್ದಾದಿನ ಬನೂ ಮೂಸಾ ಸಹೋದರರನ್ನೂ ನೆನೆಯುತ್ತಾರೆ. ತಮ್ಮದೇನು, ಹಿಂದಿನವರದೇನು ಎಂದು ಬೇರೆ ಮಾಡಿ ಹೇಳುವ ಈ ಅಭ್ಯಾಸ ಪುಸ್ತಕದುದ್ದಕ್ಕೂ ಇದೆ.

ಅವರು ನಿಜವಾಗಿ ಹೊಸದು ಮಾಡಿದ್ದು ಮುಂದಿನ ಹೆಜ್ಜೆಯಲ್ಲಿ. ಆ ಕಾಲದ ಗಂಟೆ ನಮ್ಮ 60 ನಿಮಿಷದ ಗಂಟೆಯಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಹನ್ನೆರಡು ಭಾಗ ಮಾಡಿದರೆ ಒಂದು ಭಾಗ ಒಂದು ಗಂಟೆ. ದಿಯಾರ್‌ಬಕಿರ್‌ನಲ್ಲಿ ಬೇಸಿಗೆಯ ಅತಿ ಉದ್ದದ ಹಗಲು ಸುಮಾರು 15 ಗಂಟೆ, ಚಳಿಗಾಲದ ಅತಿ ಕಿರಿದಾದ ಹಗಲು ಸುಮಾರು ಒಂಬತ್ತೂವರೆ ಗಂಟೆ. ಆದ್ದರಿಂದ ಗಡಿಯಾರದ ಗಂಟೆಯೂ ದಿನದಿಂದ ದಿನಕ್ಕೆ ಹಿಗ್ಗಬೇಕು, ಕುಗ್ಗಬೇಕು. ಅದಕ್ಕಾಗಿ ನೀರು ಹೊರಬರುವ ರಂಧ್ರವನ್ನು ತಿರುಗುವ ತಟ್ಟೆಯ ಮೇಲೆ ಇಟ್ಟು, ಋತುವಿಗೆ ತಕ್ಕಂತೆ ಅದನ್ನು ನೀರಿನ ಮಟ್ಟದಿಂದ ಮೇಲೆ ಕೆಳಗೆ ಮಾಡುತ್ತಿದ್ದರು. ಹಿಂದಿನವರ ಇಂಥ ತಟ್ಟೆಗಳನ್ನು ಜಝರಿ ತಾವೇ ಮಾಡಿ ಪರೀಕ್ಷಿಸಿದರು. ಯಾವುದೂ ಸರಿಯಾಗಿ ಕಾಲ ತೋರಿಸಲಿಲ್ಲ.

ಏಕೆಂದು ಈಗ ನಮಗೆ ಲೆಕ್ಕ ಹಾಕಲು ಬರುತ್ತದೆ. ಚಳಿಗಾಲದಲ್ಲಿ ಹರಿವು ಬೇಸಿಗೆಗಿಂತ ಸುಮಾರು 1.6 ಪಟ್ಟು ಆಗಬೇಕಾದರೆ ನೀರಿನ ಎತ್ತರ ಸುಮಾರು 2.5 ಪಟ್ಟು ಆಗಬೇಕು. ಸಮಾನ ಅಂತರದಲ್ಲಿ ಗುರುತು ಹಾಕಿದರೆ ಹರಿವು ಸಮಾನವಾಗಿ ಬದಲಾಗುವುದಿಲ್ಲ. ಟೊರಿಸೆಲ್ಲಿ ಹುಟ್ಟಲು ಇನ್ನೂ ನಾಲ್ಕು ಶತಮಾನ ಇತ್ತು; ಜಝರಿ ಅವರ ಹತ್ತಿರ ಸೂತ್ರ ಇರಲಿಲ್ಲ. ಅವರು ಮಾಡಿದ್ದು ಇಷ್ಟೇ: ರಂಧ್ರವನ್ನು ಒಂದು ಸ್ಥಾನದಲ್ಲಿಟ್ಟು ನೀರು ಹರಿಸಿ ಅಳೆದರು, ಗುರುತು ಹಾಕಿದರು, ಮತ್ತೆ ಸರಿಸಿದರು, ಮತ್ತೆ ಅಳೆದರು. ಸರಿಯಾದ ಗುರುತುಗಳು ಸಿಗುವವರೆಗೆ ಇದೇ ಕೆಲಸ. ನಮ್ಮ ಲ್ಯಾಬಿನಲ್ಲಿ ಮೂರನೆಯ ರೀಡಿಂಗ್ ಹೊತ್ತಿಗೆ ಗ್ರಾಫ್ ಹೇಗೆ ಬರಬೇಕೋ ಹಾಗೆ ಬರೆದುಬಿಡುವವರು ಇದನ್ನು ಗಮನಿಸಬೇಕು! ಕ್ಯಾಲಿಬ್ರೇಷನ್ ಎಂದು ಮೆಕಾಟ್ರಾನಿಕ್ಸ್ ಪುಸ್ತಕದ ಸೆನ್ಸರ್ ಅಧ್ಯಾಯದಲ್ಲಿ ಬರುವುದು ಈ ಬೇಸರದ ಕೆಲಸವೇ.

ಆನೆ ಗಡಿಯಾರದ ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ದುಬೈಯ ಇಬ್ನ್ ಬತೂತಾ ಮಾಲ್‌ನಲ್ಲಿ ಅದರ ದೊಡ್ಡ ಪ್ರತಿಕೃತಿ ಇದೆ. ಅಲ್ಲಿ ಕೆಲಸದಲ್ಲಿರುವ ಬಂಧುಗಳು ಅದರ ಮುಂದೆ ನಿಂತು ತೆಗೆದ ಫೋಟೊ ಕಳಿಸಿರುತ್ತಾರೆ. ಆನೆಯ ಹೊಟ್ಟೆಯೊಳಗೆ ನೀರಿನ ತೊಟ್ಟಿ. ಅದರ ಮೇಲೆ ತಳದಲ್ಲಿ ಸಣ್ಣ ತೂತಿರುವ ಒಂದು ಬಟ್ಟಲು ತೇಲುತ್ತದೆ. ತೂತಿನಿಂದ ನೀರು ನಿಧಾನವಾಗಿ ಒಳಬಂದು ಅರ್ಧ ಗಂಟೆಗೆ ಬಟ್ಟಲು ಮುಳುಗುತ್ತದೆ. ಇದು ನಮಗೆ ಅಪರಿಚಿತವಲ್ಲ. ನಮ್ಮ ನಾಡಿನಲ್ಲಿ ಗಡಿಯಾರ ಬರುವ ಮೊದಲು ಮುಹೂರ್ತ ನೋಡಲು ಬಳಸುತ್ತಿದ್ದ ಗಳಿಗೆ ಬಟ್ಟಲು ಇದೇ. ಅದು ಒಮ್ಮೆ ಮುಳುಗಿದರೆ ಒಂದು ಗಳಿಗೆ, 24 ನಿಮಿಷ. ಮುಳುಗಿದ ಬಟ್ಟಲನ್ನು ಎತ್ತಿ ಮತ್ತೆ ತೇಲಿಬಿಡಲು ಪಕ್ಕದಲ್ಲಿ ಒಬ್ಬ ಮನುಷ್ಯ ಕೂತಿರಬೇಕಾಗಿತ್ತು. ಅವನಿಗೆ ತೂಕಡಿಕೆ ಬಂದರೆ ಕಾಲವೂ ನಿಂತಂತೆ.

ಜಝರಿ ಆ ಮನುಷ್ಯನ ಕೆಲಸವನ್ನು ಯಂತ್ರಕ್ಕೇ ಕೊಟ್ಟರು. ಬಟ್ಟಲು ಮುಳುಗುತ್ತ ಹಗ್ಗ ಎಳೆದಾಗ ಅಂಬಾರಿಯಲ್ಲಿ ಕೂತ ಲಿಪಿಕಾರನ ಬೊಂಬೆ ನಿಧಾನವಾಗಿ ತಿರುಗಿ ಲೇಖನಿಯಿಂದ ಹೊತ್ತು ತೋರಿಸುತ್ತದೆ. ಬಟ್ಟಲು ಪೂರ್ತಿ ಮುಳುಗಿದ ಕ್ಷಣ ಮೇಲಿನ ಗೋಪುರದಿಂದ ಒಂದು ಗುಂಡು ಬಿಡುಗಡೆಯಾಗುತ್ತದೆ. ಗುಂಡು ಗಿಡುಗದ ಕೊಕ್ಕಿನಿಂದ ಹಾವಿನ ಬಾಯಿಗೆ ಬೀಳುತ್ತದೆ. ಗುಂಡಿನ ಭಾರಕ್ಕೆ ಹಾವು ಕೆಳಗೆ ಬಾಗುತ್ತದೆ. ಬಾಗುವಾಗ ಅದಕ್ಕೆ ಕಟ್ಟಿದ ಸರಪಳಿ ಮುಳುಗಿದ ಬಟ್ಟಲನ್ನು ಮೇಲಕ್ಕೆಳೆದು ನೀರು ಚೆಲ್ಲಿಸುತ್ತದೆ. ಹಾವು ಗುಂಡನ್ನು ಕೆಳಗಿನ ಪಾತ್ರೆಗೆ ಹಾಕಿ ಹಗುರವಾಗಿ ಮೇಲೇಳುತ್ತದೆ, ಮಾವುತ ಆನೆಯ ತಲೆಗೆ ಬಡಿಯುತ್ತಾನೆ, ಸದ್ದಾಗುತ್ತದೆ, ಖಾಲಿ ಬಟ್ಟಲು ಮತ್ತೆ ತೇಲುತ್ತದೆ. ಗೋಪುರದಲ್ಲಿ ಗುಂಡುಗಳು ಇರುವವರೆಗೆ ಯಾರೂ ಕೈ ಹಾಕಬೇಕಾಗಿಲ್ಲ. ಬಟ್ಟಲು ಮುಳುಗಿತೆಂಬ ಸುದ್ದಿಯೇ ಬಟ್ಟಲನ್ನು ಎತ್ತುವ ಕೆಲಸವನ್ನೂ ಶುರು ಮಾಡುತ್ತದೆ. ಐವತ್ತರಲ್ಲಿ ನನಗೆ ಅತ್ಯಂತ ಇಷ್ಟವಾದ ಯಂತ್ರ ಇದು.

ಔತಣದ ವೇಳೆ ಕೊಳದಲ್ಲಿ ತೇಲಿಬಿಡುತ್ತಿದ್ದ ಒಂದು ದೋಣಿಯನ್ನೂ ಅವರು ವರ್ಣಿಸುತ್ತಾರೆ. ದೋಣಿಯಲ್ಲಿ ವಾದ್ಯಗಾರರ ಬೊಂಬೆಗಳು. ಒಳಗೆ ಒಂದು ಪಾತ್ರೆಗೆ ನೀರು ತೊಟ್ಟಿಕ್ಕುತ್ತಿರುತ್ತದೆ. ಪಾತ್ರೆ ತುಂಬಿದೊಡನೆ ತಾನೇ ಮಗುಚಿಕೊಳ್ಳುತ್ತದೆ, ಆ ನೀರು ಚಕ್ರ ತಿರುಗಿಸುತ್ತದೆ, ಚಕ್ರದ ಅಚ್ಚಿನ ಮೇಲಿನ ಗೂಟಗಳು ಬೊಂಬೆಗಳ ಕೈಗಳನ್ನು ತಟ್ಟುತ್ತವೆ. ಹವಾಮಾನ ಕೇಂದ್ರಗಳ ಮಳೆಮಾಪಕದಲ್ಲಿ ಇಂದಿಗೂ ಇಂಥ ಮಗುಚುವ ಪಾತ್ರೆ ಇದೆ. ಆ ಗೂಟಗಳ ಜಾಗ ಬದಲಿಸಿದರೆ ತಾಳ ಬದಲಾಗುತ್ತದೆ, ಆದ್ದರಿಂದ ಇದು ಪ್ರೋಗ್ರಾಂ ಮಾಡಬಹುದಾದ ಯಂತ್ರ ಎಂದು ಇಂಗ್ಲೆಂಡಿನ ರೋಬೋಟ್ ವಿಜ್ಞಾನಿ ನೋಯೆಲ್ ಶಾರ್ಕಿ ವಾದಿಸಿದ್ದಾರೆ. ತತ್ವದ ಮಟ್ಟಿಗೆ ಮಾತು ಸರಿ. ಆದರೆ ಜಝರಿ ತಾವೇ ಗೂಟ ಬದಲಿಸಿ ಬೇರೆ ಬೇರೆ ತಾಳ ನುಡಿಸಿದರೆಂದು ಅದರಿಂದ ಹೇಳಲಾಗದು.

ವುಝೂವಿನ ಯಂತ್ರದ ಕಥೆ ಬೇರೆಯದು. ಅರಸರಾದ ಮಹ್ಮೂದ್ ಅವರಿಗೆ ವುಝೂ ಮಾಡುವಾಗ ಸೇವಕರು ಕೈಮೇಲೆ ನೀರು ಸುರಿಯುವುದು ಇಷ್ಟವಿರಲಿಲ್ಲ. ಬೇರೆ ಏನಾದರೂ ಮಾಡಿಕೊಡಿ ಎಂದು ಕೇಳಿದರು. ಜಝರಿ ತಾನೇ ನೀರು ಸುರಿಯುವ ಹೂಜಿಯನ್ನು ಮಾಡಿಕೊಟ್ಟರು. ಹೂಜಿಯೊಳಗೆ ನೀರು ಒಂದು ಕೋಣೆಗೆ ನುಗ್ಗಿದಾಗ ಅಲ್ಲಿದ್ದ ಗಾಳಿ ಸಣ್ಣ ಕೊಳವೆಯಿಂದ ಹೊರಹೋಗುತ್ತ ಹಕ್ಕಿಯಂತೆ ಸಿಳ್ಳೆ ಹಾಕುತ್ತದೆ, ಆಮೇಲೆ ನೀರು ಬರುತ್ತದೆ. ಇದೇ ಭಾಗದಲ್ಲಿ ವೈದ್ಯರಿಗಾಗಿ ಮಾಡಿದ ಬೋಗುಣಿಗಳಿವೆ. ರಕ್ತ ತೆಗೆಯುವ ಚಿಕಿತ್ಸೆಯ ಕಾಲ ಅದು. ಎಷ್ಟು ರಕ್ತ ಹೋಯಿತೆಂದು ಅಂದಾಜಿನಲ್ಲಿ ಹೇಳುವುದು ಅಪಾಯ. ಜಝರಿಯವರ ಬೋಗುಣಿಯಲ್ಲಿ ರಕ್ತ ಬಿದ್ದಷ್ಟೂ ತೇಲುಗುಂಡು ಏರುತ್ತದೆ, ಲಿಪಿಕಾರನ ಬೊಂಬೆ ತಿರುಗಿ ಲೇಖನಿಯಿಂದ ಅಳತೆಯ ಗೆರೆಯನ್ನು ತೋರಿಸುತ್ತದೆ. ಆಸ್ಪತ್ರೆಯ ಉಪಕರಣಗಳಲ್ಲಿ ಆಸಕ್ತಿ ಇರುವ ಪಿಸಿಎಂಬಿಯವರು ಈ ಪುಟಗಳನ್ನು ಬಿಡಬಾರದು.

ನೀರೆತ್ತುವ ಯಂತ್ರಗಳು ಐದೇ. ಆದರೆ ಎಂಜಿನಿಯರಿಂಗ್ ಇತಿಹಾಸದಲ್ಲಿ ಅವಕ್ಕೆ ಸಿಕ್ಕಿರುವ ಜಾಗ ದೊಡ್ಡದು. ಐದನೆಯದು ಪಂಪು. ನದಿಯ ಹರಿವಿನಿಂದ ತಿರುಗುವ ಚಕ್ರ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಒಂದು ಹಲ್ಲುಚಕ್ರದ ಅಂಚಿನಲ್ಲಿರುವ ಮೊಳೆ ಸೀಳಿರುವ ಒಂದು ಕೋಲಿನೊಳಗೆ ಓಡಾಡುತ್ತ ಅದನ್ನು ಎಡಕ್ಕೂ ಬಲಕ್ಕೂ ತೂಗಿಸುತ್ತದೆ. ಕೋಲಿಗೆ ಎದುರುಬದುರಾಗಿ ಎರಡು ಪಿಸ್ಟನ್‌ಗಳು, ತಾಮ್ರದ ಎರಡು ಸಿಲಿಂಡರ್‌ಗಳು. ಒಂದು ನೀರು ಹೀರುವಾಗ ಇನ್ನೊಂದು ನೀರನ್ನು ಮೇಲಕ್ಕೆ ತಳ್ಳುತ್ತದೆ. ನೀರು ಹಿಂದಕ್ಕೆ ಬಾರದಂತೆ ವಾಲ್ವುಗಳಿವೆ. ಪಿಸ್ಟನ್ ಸೋರದಂತೆ ಎರಡು ಬಿಲ್ಲೆಗಳ ನಡುವೆ ನಾರಿನ ಹುರಿ ಸುತ್ತಿದ್ದಾರೆ. ತಿರುಗುವ ಚಲನೆಯನ್ನು ಹಿಂದೆಮುಂದೆ ಹೋಗುವ ಚಲನೆಯಾಗಿ ಮಾಡುವುದು, ಹೀರುಕೊಳವೆ, ಎರಡೂ ಹೊಡೆತದಲ್ಲಿ ಕೆಲಸ, ಈ ಮೂರೂ ಸೇರಿದ ಪಂಪಿನ ಇಷ್ಟು ಹಳೆಯ ವಿವರ ಬೇರೆ ಸಿಕ್ಕಿಲ್ಲ.

ವಾಟ್ಸಾಪ್‌ನಲ್ಲಿ ಜಝರಿ ಹೆಸರಿನಲ್ಲಿ ಓಡಾಡುವ ಸಂದೇಶಗಳು ಇಲ್ಲಿಂದ ಒಂದೇ ಹಾರಿಗೆ ಸ್ಟೀಮ್ ಎಂಜಿನ್‌ಗೆ, ಕಾರಿಗೆ, ರೋಬೋಟಿಗೆ ಬಂದುಬಿಡುತ್ತವೆ. ಎಲ್ಲವನ್ನೂ ನಮ್ಮವರೇ ಕಂಡುಹಿಡಿದರು ಎಂದು ಫಾರ್ವರ್ಡ್ ಮಾಡುವುದು ಸುಲಭ. ಅವರ ಪುಸ್ತಕ ಅರಬಿಯಲ್ಲಿ ಪ್ರತಿಯಾಗುತ್ತ ಬಂತು. ಆ ಕಾಲದಲ್ಲಿ ಲ್ಯಾಟಿನ್‌ಗೆ ಅನುವಾದವಾಗಲಿಲ್ಲ. ಅವರ ಪಂಪಿನಿಂದ ಯುರೋಪಿನ ಎಂಜಿನ್‌ವರೆಗೆ ನೇರ ದಾರಿ ತೋರಿಸುವ ದಾಖಲೆ ಇಲ್ಲ. ಯಾರಿಂದ ಏನು ಕಲಿತೆನೆಂದು ಅಷ್ಟು ಕಟ್ಟುನಿಟ್ಟಾಗಿ ಹೇಳಿದ ಮನುಷ್ಯನ ಹೆಸರಿನಲ್ಲಿ ಇಲ್ಲದ್ದನ್ನು ಹೇಳುವುದು ಅವರಿಗೆ ಮಾಡುವ ಗೌರವವಲ್ಲ. ಇರುವುದನ್ನು ಹೇಳಿದರೇ ಬೇಕಾದಷ್ಟಿದೆ.

ಇರುವುದು ಎಂದರೆ ಮುಖ್ಯವಾಗಿ ಅವರ ಕಾರ್ಯಾಗಾರ. ಮರದ ಹಲಗೆ ಬಾಗಬಾರದೆಂದು ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿದರು. ನಾವು ಈಗ ಪ್ಲೈವುಡ್ ಎನ್ನುವುದರ ಉಪಾಯ. ದೊಡ್ಡ ಚಕ್ರ ಒಂದೇ ಕಡೆ ಭಾರವಾಗಿ ನಿಲ್ಲದಂತೆ ತೂಗಿ ಸಮ ಮಾಡಿದರು. ಕಠಿಣವಾದ ಭಾಗಗಳನ್ನು ಮೊದಲು ಕಾಗದದಲ್ಲಿ ಮಾಡಿ ನೋಡಿದರು. ವಾಲ್ವಿನ ಬಿರಡೆಯನ್ನೂ ಬಾಯಿಯನ್ನೂ ಕುರಂದದ ಪುಡಿ ಹಾಕಿ ಒಂದರ ಮೇಲೊಂದು ಉಜ್ಜಿ ನೀರು ತೊಟ್ಟಿಕ್ಕದಂತೆ ಕೂರಿಸಿದರು. ವಾಹನದ ಎಂಜಿನ್ ಬಿಚ್ಚುವ ನಮ್ಮ ಗ್ಯಾರೇಜುಗಳಲ್ಲಿ ವಾಲ್ವ್ ಗ್ರೈಂಡಿಂಗ್ ಎನ್ನುವುದು ಇದನ್ನೇ. ಆಮಿದ್ ಅರಮನೆಗಾಗಿ ತಾಮ್ರ, ಹಿತ್ತಾಳೆಯ ಭಾರಿ ಬಾಗಿಲೊಂದನ್ನು ಎರಕ ಹೊಯ್ದರು, ಹಸಿ ಮರಳಿನ ಅಚ್ಚು ಪೆಟ್ಟಿಗೆಯಲ್ಲಿ ಎರಕ ಹೇಗೆ ಹೊಯ್ಯಬೇಕೆಂದೂ ಬರೆದರು. ಐಟಿಐ ಓದುತ್ತಿರುವ ನಿಮ್ಮ ಅಣ್ಣಂದಿರಿಗೆ ಈ ಪುಟಗಳು ನಮಗಿಂತ ಬೇಗ ಅರ್ಥವಾಗುತ್ತವೆ. ಮೆಕಾಟ್ರಾನಿಕ್ಸ್ ಸೇರಿ ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂರಬಹುದೆಂದುಕೊಂಡವರಿಗೆ ಕಾರ್ಯಾಗಾರದ ಎಣ್ಣೆ, ಲೇತ್, ಫೈಲಿಂಗ್ ಕಾಣಿಸಿದಾಗ ನಿರಾಸೆಯಾಗುತ್ತದೆ. ಇಷ್ಟವಿಲ್ಲದವರು ಅದನ್ನು ಈಗಲೇ ತಿಳಿದುಕೊಂಡು ಬೇರೆ ಬ್ರಾಂಚ್ ಬರೆಯುವುದು ಒಳ್ಳೆಯದು.

ಜಝರಿ ತಮ್ಮ ಚಿತ್ರಗಳ ಭಾಗಗಳಿಗೆ ಅಕ್ಷರಗಳ ಗುರುತು ಹಾಕಿ, ಅಳತೆ, ಲೋಹ, ಜೋಡಣೆಯ ಕ್ರಮ ಎಲ್ಲವನ್ನೂ ಮಾತಿನಲ್ಲಿ ಬರೆದರು. ಮುಂದೆ ಬರುವ ಕಸುಬುದಾರ ಇದನ್ನು ಓದಿ ಮಾಡಬೇಕು ಎಂಬುದೇ ಉದ್ದೇಶ. ಆ ಕಾಲದ ಕುಶಲಕರ್ಮಿಗಳು ಗುಟ್ಟನ್ನು ಮಗನಿಗೋ ಶಿಷ್ಯನಿಗೋ ಹೇಳಿ ಹೋಗುತ್ತಿದ್ದರೇ ಹೊರತು ಹೀಗೆ ಬಿಚ್ಚಿಡುತ್ತಿದ್ದುದು ಕಡಿಮೆ.

ಗ್ರಂಥ ಮುಗಿದ 1206ರಲ್ಲೇ ಅವರು ತೀರಿಕೊಂಡರೆಂದು ಇತಿಹಾಸಕಾರರು ಹೇಳುತ್ತಾರೆ. ಅದೇ ವರ್ಷ ಪ್ರತಿ ಮಾಡಿದ ಒಂದು ಹಸ್ತಪ್ರತಿ ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಈಗಲೂ ಇದೆ. ನಂತರದ ಶತಮಾನಗಳಲ್ಲಿ ಅದರ ಪ್ರತಿಗಳು ಹಲವು ಕಡೆ ಆದವು. ಅವುಗಳಲ್ಲಿ ಕೆಲವಕ್ಕೆ ಬಂದ ಗತಿ ದುಃಖದ್ದು. ಬಣ್ಣದ ಆನೆ, ನವಿಲು, ವಾದ್ಯಗಾರರ ಚಿತ್ರಗಳು ಚೆಂದವಾಗಿದ್ದುದರಿಂದ ಹಾಳೆಗಳನ್ನು ಬಿಡಿಸಿ ಬೇರೆ ಬೇರೆಯಾಗಿ ಮಾರಿದರು. ಎಂಜಿನಿಯರನ ನಕ್ಷೆಗಳು ಕಲಾಕೃತಿಗಳಾಗಿ ಅಮೆರಿಕ, ಯುರೋಪಿನ ಸಂಗ್ರಹಾಲಯಗಳಿಗೆ ಹೋದವು. ಬಾಸ್ಟನ್ನಿನ ಸಂಗ್ರಹಾಲಯ ಸೇರಿದ ಅಂಥ ಹಾಳೆಗಳ ಬಗ್ಗೆ 1924ರಲ್ಲಿ ಒಂದು ಪುಸ್ತಕ ಬರೆದವರು ಭಾರತೀಯ ಕಲೆಯ ಹೆಸರಾಂತ ವಿದ್ವಾಂಸ ಆನಂದ ಕುಮಾರಸ್ವಾಮಿ. ಹಾಳೆಯೊಂದು ಗೋಡೆಯ ಮೇಲೆ ತೂಗಿದರೆ ಚಿತ್ರ ಉಳಿಯುತ್ತದೆ. ಅದರ ಜೊತೆಗಿದ್ದ ಅಳತೆಯ ಪುಟ ಬೇರೆಲ್ಲೋ ಇರುತ್ತದೆ.

ಪೂರ್ತಿ ಗ್ರಂಥವನ್ನು 1974ರಲ್ಲಿ ಇಂಗ್ಲಿಷಿಗೆ ತಂದವರು ಡೊನಾಲ್ಡ್ ಹಿಲ್. ಅವರು ವೃತ್ತಿಯಿಂದ ಎಂಜಿನಿಯರ್, ಅರಬಿ ಕಲಿತವರು. ಭಾಷಾ ಪಂಡಿತರಿಗೆ ವಾಲ್ವಿನ ವಿವರ ಅರ್ಥವಾಗದು, ಎಂಜಿನಿಯರರಿಗೆ ಅರಬಿ ಬಾರದು, ಅವರಿಗೆ ಎರಡೂ ಬರುತ್ತಿತ್ತು. ಎರಡು ವರ್ಷದ ನಂತರ, 1976ರಲ್ಲಿ, ಲಂಡನ್ನಿನಲ್ಲಿ ಇಸ್ಲಾಮಿ ಜಗತ್ತಿನ ಉತ್ಸವ ನಡೆದಾಗ ಅಲ್ಲಿನ ಸೈನ್ಸ್ ಮ್ಯೂಸಿಯಂನಲ್ಲಿ ಕೋಟೆ ಗಡಿಯಾರವನ್ನು ಪುಸ್ತಕದ ಅಳತೆಯಂತೆ ಮತ್ತೆ ಕಟ್ಟಿದರು. ತೊಟ್ಟಿಗೆ ನೀರು ತುಂಬಿ ಬಿಟ್ಟಾಗ ತೇಲುಗುಂಡು ಇಳಿಯಿತು, ಬಾಗಿಲುಗಳು ಒಂದೊಂದಾಗಿ ತೆರೆದವು, ಗಿಡುಗಗಳು ಗುಂಡು ಬೀಳಿಸಿದವು.